ಡಿಜಿಟಲ್ ಪಿಯಾನೋದ ಟೆಂಪರಮೆಂಟ್ ಸೆಟ್ಟಿಂಗ್: ತಂಬೂರಿಗೆ ಪಳಗಿದ ಕಿವಿಯವರಿಗೆ ಒಂದು ಮಾರ್ಗದರ್ಶಿ

ಡಿಜಿಟಲ್ ಪಿಯಾನೋ ಇರುವ ಮನೆಗಳಲ್ಲಿ ಸಿಸ್ಟಮ್ ಮೆನುವನ್ನು ಯಾರೂ ಹೆಚ್ಚು ಮುಟ್ಟುವುದಿಲ್ಲ. ವಾಲ್ಯೂಮ್, ಮೆಟ್ರೊನೋಮ್, ನಾಲ್ಕೈದು ಟೋನ್, ಅಷ್ಟರಲ್ಲೇ ವರ್ಷ ಕಳೆಯುತ್ತದೆ. ಆ ಮೆನುವಿನ ಒಳಗೆ ಟೆಂಪರಮೆಂಟ್ ಎನ್ನುವ ಒಂದು ಸೆಟ್ಟಿಂಗ್ ಇರುತ್ತದೆ. ಹನ್ನೆರಡು ಸ್ವರಗಳ ನಡುವೆ ಎಷ್ಟೆಷ್ಟು ಅಂತರ ಇರಬೇಕು ಎಂದು ತೀರ್ಮಾನಿಸುವುದು ಅದೇ. ತಂತಿಯ ಪಿಯಾನೋದಲ್ಲಿ ಇದನ್ನು ಬದಲಿಸಬೇಕಾದರೆ ಟ್ಯೂನರ್ ಬಂದು ಇನ್ನೂರಕ್ಕೂ ಹೆಚ್ಚು ತಂತಿಗಳನ್ನು ಒಂದೊಂದಾಗಿ ಸರಿಮಾಡಬೇಕು. ಡಿಜಿಟಲ್‌ನಲ್ಲಿ ಅದು ಅರ್ಧ ನಿಮಿಷದ ಕೆಲಸ.

ನಮ್ಮ ಉತ್ತರ ಕನ್ನಡದವರಿಗೆ ಈ ಸೆಟ್ಟಿಂಗ್ ಬೇರೆಯವರಿಗಿಂತ ಜಾಸ್ತಿ ಬೇಕು ಎಂದು ನನಗೆ ಅನಿಸುತ್ತದೆ. ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಹಿಂದುಸ್ತಾನಿ ಬೈಠಕ್ ಕೇಳುತ್ತ ಬೆಳೆದ ಮಕ್ಕಳೇ ಈಗ ಪಿಯಾನೋ ಕಲಿಯುತ್ತಿದ್ದಾರೆ. ಕಾರವಾರದಲ್ಲಿ ಚರ್ಚ್‌ಗಳ ಗಾಯನ ತಂಡಗಳಿವೆ, ಪಕ್ಕದಲ್ಲೇ ಗೋವಾ ಇದೆ. ಒಂದೇ ವಾದ್ಯದ ಮೇಲೆ ಬೆಳಿಗ್ಗೆ ಬಾಖ್‌ನ ಪಾಶ್ಚಾತ್ಯ ಸಂಗೀತ, ಸಂಜೆ ಭಜನೆ ನಡೆಯುವ ಮನೆಗಳು ಇಲ್ಲಿವೆ. ಇಂಥ ಮನೆಯಲ್ಲಿ ಯಾರಾದರೂ ಹಿರಿಯರು ಪಿಯಾನೋದ ಸ-ಗ ಕೇಳಿ "ಗಂಧಾರ ಸ್ವಲ್ಪ ಏರಿದೆಯಲ್ಲ" ಎಂದರೆ, ವಾದ್ಯ ಹಾಳಾಗಿದೆ ಎಂದುಕೊಳ್ಳಬೇಡಿ. ಅವರ ಕಿವಿಯನ್ನೂ ಅನುಮಾನಿಸಬೇಡಿ. ಗಂಧಾರ ನಿಜಕ್ಕೂ ಏರಿದೆ, ಸುಮಾರು 14 ಸೆಂಟ್‌ನಷ್ಟು. ಸೆಂಟ್ ಎಂದರೆ ಸ್ವರದ ಅಳತೆ: ಒಂದು ಸಪ್ತಕಕ್ಕೆ 1200 ಸೆಂಟ್, ಪಕ್ಕಪಕ್ಕದ ಎರಡು ಕೀಗಳ ನಡುವೆ 100.

ಮೊದಲು ನಿಮ್ಮ ವಾದ್ಯದಲ್ಲಿ ಇದೆಯೇ ನೋಡಿ

ಎಲ್ಲ ಮಾಡೆಲ್‌ಗಳಲ್ಲೂ ಇದು ಇರುವುದಿಲ್ಲ. ಕಡಿಮೆ ಬೆಲೆಯ ಎಷ್ಟೋ ಪಿಯಾನೋಗಳಲ್ಲಿ ಮಾಸ್ಟರ್ ಟ್ಯೂನ್ ಮತ್ತು ಟ್ರಾನ್ಸ್‌ಪೋಸ್ ಮಾತ್ರ ಸಿಗುತ್ತವೆ. ಅವೆರಡೂ ಇಡೀ ಕೀಬೋರ್ಡನ್ನು ಒಟ್ಟಿಗೆ ಮೇಲೆ ಕೆಳಗೆ ಮಾಡುತ್ತವೆ, ಸ್ವರಗಳ ನಡುವಿನ ಅಂತರವನ್ನು ಮುಟ್ಟುವುದಿಲ್ಲ.

ಮ್ಯಾನ್ಯುಯಲ್ ತೆಗೆದು ಟೆಂಪರಮೆಂಟ್, ಸ್ಕೇಲ್ ಟ್ಯೂನ್, ಟ್ಯೂನಿಂಗ್ ಎಂಬ ಪದಗಳನ್ನು ಹುಡುಕಿ. ಯಮಾಹಾ ಕ್ಲಾವಿನೋವಾದ ಈಚಿನ ಸಿಎಲ್‌ಪಿ ಮಾಡೆಲ್‌ಗಳಲ್ಲಿ ಸಿಸ್ಟಮ್ ಮೆನುವಿನ ಟ್ಯೂನಿಂಗ್ ಕೆಳಗೆ ಸ್ಕೇಲ್ ಟ್ಯೂನ್ ಎಂದಿರುತ್ತದೆ. ರೋಲ್ಯಾಂಡ್‌ನಲ್ಲಿ ನೇರವಾಗಿ ಟೆಂಪರಮೆಂಟ್ ಎಂದೇ ಇರುತ್ತದೆ. ಕವಾಯ್‌ನಲ್ಲಿ ವರ್ಚುವಲ್ ಟೆಕ್ನಿಷಿಯನ್ ಎಂಬ ವಿಭಾಗದ ಒಳಗೆ ಸಿಗುತ್ತದೆ. ಸ್ಕ್ರೀನ್ ಇಲ್ಲದ ಕ್ಯಾಸಿಯೋ ಪ್ರಿವಿಯಾದಂಥ ವಾದ್ಯಗಳಲ್ಲಿ ಫಂಕ್ಷನ್ ಗುಂಡಿ ಹಿಡಿದುಕೊಂಡು ನಿರ್ದಿಷ್ಟ ಕೀ ಒತ್ತಬೇಕು. ಯಾವ ಕೀ ಎನ್ನುವ ಚಿತ್ರ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಆ ಪುಟದ ಫೋಟೋ ಫೋನ್‌ನಲ್ಲಿ ಇಟ್ಟುಕೊಳ್ಳಿ, ಅನುಕೂಲ.

ಟೆಂಪರಮೆಂಟ್ ಪಕ್ಕದಲ್ಲೇ ಇನ್ನೊಂದು ಆಯ್ಕೆ ಇರುತ್ತದೆ: ಬೇಸ್ ನೋಟ್, ಅಥವಾ ಟೆಂಪರಮೆಂಟ್ ಕೀ. ಯಾವ ಕೀಯನ್ನು ಷಡ್ಜ ಎಂದು ಹಿಡಿಯಬೇಕು ಎಂದು ವಾದ್ಯಕ್ಕೆ ಹೇಳುವುದು ಇಲ್ಲೇ. ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಟೆಂಪರಮೆಂಟ್ ಬದಲಿಸಿದರೂ ಕೇಳಲು ಇನ್ನೂ ಕೆಟ್ಟದಾಗಿದೆ ಎಂದು ಬೇಸರ ಮಾಡಿಕೊಳ್ಳುತ್ತಾರೆ.

ನಿಮ್ಮ ವಾದ್ಯದಲ್ಲಿ ಈ ಸೌಲಭ್ಯ ಇಲ್ಲದಿದ್ದರೂ ದಾರಿ ಇದೆ. ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಪಿಯಾನೋಟೆಕ್‌ನಂಥ ಸಾಫ್ಟ್‌ವೇರ್‌ನ ಧ್ವನಿಯನ್ನು ಬಳಸಬಹುದು. ಅದರಲ್ಲಿ ಹಳೆಯ ಶ್ರುತಿ ಪದ್ಧತಿಗಳಿವೆ. ಹಾಗೆ ಮಾಡುವಾಗ ಪಿಯಾನೋದ ಲೋಕಲ್ ಕಂಟ್ರೋಲ್ ಆಫ್ ಮಾಡಿ. ಇಲ್ಲದಿದ್ದರೆ ವಾದ್ಯದ ಧ್ವನಿ, ಲ್ಯಾಪ್‌ಟಾಪ್‌ನ ಧ್ವನಿ ಎರಡೂ ಒಟ್ಟಿಗೆ ಬಂದು ಕಲಸಿಹೋಗುತ್ತವೆ. ಕೆಲಸ ಮುಗಿದ ಮೇಲೆ ಮರೆಯದೆ ಆನ್ ಮಾಡಿ. ಕೇಬಲ್ ತೆಗೆದ ಮೇಲೆ "ಪಿಯಾನೋದಲ್ಲಿ ಸೌಂಡೇ ಬರುತ್ತಿಲ್ಲ" ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಬದಲಿಸುವ ಮೊದಲು ಕೇಳಿ

ಈ ಹೆಜ್ಜೆಯನ್ನು ದಯವಿಟ್ಟು ದಾಟಿ ಹೋಗಬೇಡಿ. ಏನು ಬದಲಾಗುತ್ತದೆ ಎಂದು ಕಿವಿಗೆ ಗೊತ್ತಾಗದಿದ್ದರೆ ಮೆನು ತಿರುಗಿಸುವುದು ಸುಮ್ನೆ ಕಾಲಹರಣ.

ಟೋನ್ ಬದಲಿಸಿ ಹಾರ್ಪ್ಸಿಕಾರ್ಡ್ ಅಥವಾ ಚರ್ಚ್ ಆರ್ಗನ್ ಇಟ್ಟುಕೊಳ್ಳಿ. ಪಿಯಾನೋ ಟೋನ್ ಬೇಗ ಕರಗುತ್ತದೆ. ಜೊತೆಗೆ ಪಿಯಾನೋದ ಹೆಚ್ಚಿನ ಸ್ವರಗಳಿಗೆ ಎರಡು ಮೂರು ತಂತಿಗಳಿರುವುದರಿಂದ ಅವುಗಳದ್ದೇ ಸಣ್ಣ ಕಂಪನ ರೆಕಾರ್ಡಿಂಗ್‌ನಲ್ಲಿ ಸೇರಿರುತ್ತದೆ. ರಿವರ್ಬ್, ಕೋರಸ್ ಎರಡನ್ನೂ ಆಫ್ ಮಾಡಿ. ಫ್ಯಾನ್ ನಿಲ್ಲಿಸಿ. ಹೆಡ್‌ಫೋನ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಟೆಂಪರಮೆಂಟ್ ಈಕ್ವಲ್‌ನಲ್ಲೇ (ಎಲ್ಲ ಕೀಗಳ ನಡುವೆ ಸಮ ಅಂತರ, ವಾದ್ಯದ ಮಾಮೂಲು ಶ್ರುತಿ) ಇರಲಿ.

ಈಗ ಕೀಬೋರ್ಡಿನ ನಡುವಿನ ಸಿ ಮತ್ತು ಅದರ ಮೇಲಿನ ಇ, ಅಂದರೆ ಬಿಳಿ ಒಂದರ (ಸಿ ಯನ್ನೇ ಷಡ್ಜ ಮಾಡಿಕೊಂಡ ಶ್ರುತಿಯ) ಸ ಮತ್ತು ಗ, ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಸ್ವರಗಳನ್ನು ಬಿಟ್ಟು ಅವುಗಳ ಮೇಲೆ ತೇಲುವ ತೆಳು ಧ್ವನಿಯನ್ನು ಕೇಳಿ. ಅಲ್ಲಿ "ವವವವ" ಎಂದು ವೇಗವಾಗಿ ನಡುಗುವ ಅಲೆ ಇರುತ್ತದೆ, ಸೆಕೆಂಡಿಗೆ ಸುಮಾರು 10 ಸಲ. ಇಷ್ಟು ವೇಗ ಹಿಡಿಯುವುದು ಕಷ್ಟವಾದರೆ ಎರಡೂ ಕೀಗಳನ್ನು ಒಂದು ಸಪ್ತಕ ಕೆಳಗೆ ಒತ್ತಿ. ಅಲೆಯ ವೇಗ ಅರ್ಧವಾಗುತ್ತದೆ, ಸೆಕೆಂಡಿಗೆ ಐದು.

ಕಾರಣ ಸರಳ. ನಡುವಿನ ಸಿ ಸೆಕೆಂಡಿಗೆ 261.63 ಸಲ ಕಂಪಿಸುತ್ತದೆ. ಅದರ ಐದನೆಯ ಉಪಸ್ವರ, ಅಂದರೆ ಅದರ ಜೊತೆಗೇ ತೆಳುವಾಗಿ ಮೂಡುವ ಐದು ಪಟ್ಟು ಕಂಪನದ ಸ್ವರ, 1308 ಹರ್ಟ್ಸ್‌ನಲ್ಲಿದೆ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎನ್ನುವ ಲೆಕ್ಕ). ಈಕ್ವಲ್‌ನಲ್ಲಿ ಇ 329.63 ಹರ್ಟ್ಸ್, ಅದರ ನಾಲ್ಕನೆಯ ಉಪಸ್ವರ 1318.5. ಈ ಎರಡು ಉಪಸ್ವರಗಳು ಒಂದೇ ಕಡೆ ಸೇರಬೇಕಿತ್ತು, ಸೇರಿಲ್ಲ. ನಡುವಿನ ಹತ್ತು ಹರ್ಟ್ಸ್ ವ್ಯತ್ಯಾಸವೇ ಆ ನಡುಕ.

ತಂಬೂರಿಯಲ್ಲಿ ಹೀಗಾಗುವುದಿಲ್ಲ. ಗಂಧಾರದ ತಂತಿಯೇ ಇಲ್ಲದಿದ್ದರೂ ಷಡ್ಜದ ತಂತಿಯೊಳಗಿನಿಂದ ಗಂಧಾರ ಮೂಡಿಬರುತ್ತದೆ ಅಲ್ವಾ? ಅದು ಇದೇ ಐದನೆಯ ಉಪಸ್ವರ. ಷಡ್ಜಕ್ಕೆ ಅದರ ಸಂಬಂಧ 5:4, ಅಂದರೆ 386 ಸೆಂಟ್. ಪಿಯಾನೋದ ಗಂಧಾರ 400 ಸೆಂಟ್‌ನಲ್ಲಿ ಕೂತಿದೆ. ಹಿರಿಯರ ಕಿವಿ ಹಿಡಿದದ್ದು ಈ ಹದಿನಾಲ್ಕು ಸೆಂಟ್‌ಗಳನ್ನೇ.

ಈಗ ಟೆಂಪರಮೆಂಟ್ ಅನ್ನು ಪ್ಯೂರ್ ಮೇಜರ್‌ಗೆ ಬದಲಿಸಿ (ಕೆಲವು ವಾದ್ಯಗಳಲ್ಲಿ ಇದರ ಹೆಸರು ಜಸ್ಟ್ ಮೇಜರ್), ಬೇಸ್ ನೋಟ್ ಸಿ ಇರಲಿ. ಅದೇ ಎರಡು ಕೀ ಒತ್ತಿ. ನಡುಕ ನಿಂತುಹೋಗುತ್ತದೆ. ಮೊದಲ ಸಲ ಕೇಳಿದವರಿಗೆ ಧ್ವನಿ ಸಪ್ಪೆಯಾಯಿತು ಎನಿಸಬಹುದು, ಏಕೆಂದರೆ ಆ ನಡುಕವನ್ನೇ ಪಿಯಾನೋದ ಹೊಳಪು ಎಂದು ಕಿವಿ ಒಪ್ಪಿಕೊಂಡಿರುತ್ತದೆ. ಐದು ನಿಮಿಷ ಹಾಗೇ ನುಡಿಸುತ್ತಿರಿ. ಆಮೇಲೆ ಈಕ್ವಲ್‌ಗೆ ವಾಪಸು ಬನ್ನಿ. ಆಗ ಗೊತ್ತಾಗುತ್ತದೆ ವ್ಯತ್ಯಾಸ.

ಪಂಚಮವನ್ನೂ ಹೀಗೇ ಪರೀಕ್ಷಿಸಿ. ಈಕ್ವಲ್‌ನಲ್ಲಿ ಸಿ ಮತ್ತು ಜಿ ಒಟ್ಟಿಗೆ ಹಿಡಿದರೆ ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ಅಲೆ. ಅಲ್ಲಿ ತಪ್ಪಿರುವುದು ಎರಡೇ ಸೆಂಟ್, ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. ಈಕ್ವಲ್ ಪದ್ಧತಿಯಲ್ಲಿ ಪಂಚಮ ಚೆನ್ನಾಗಿದೆ, ಪೆಟ್ಟು ಬಿದ್ದಿರುವುದು ಗಂಧಾರಕ್ಕೆ.

ಎಲ್ಲವನ್ನೂ ಶುದ್ಧ ಮಾಡಲು ಏಕೆ ಆಗುವುದಿಲ್ಲ

ಶುದ್ಧ ಪಂಚಮ 702 ಸೆಂಟ್. ಸಿ ಯಿಂದ ಶುರುಮಾಡಿ ಪಂಚಮದ ಮೇಲೆ ಪಂಚಮ ಇಡುತ್ತ ಹನ್ನೆರಡು ಹೆಜ್ಜೆ ಹೋದರೆ ಮತ್ತೆ ಸಿ ಬರಬೇಕು. ಆದರೆ ಸರಿಯಾಗಿ ಸಿ ಸಿಗುವುದಿಲ್ಲ, ಸುಮಾರು 23.5 ಸೆಂಟ್ ಮೇಲೆ ಹೋಗಿರುತ್ತೇವೆ. ಇದಕ್ಕೆ ಪೈಥಾಗೊರಸ್ ಕಾಮಾ ಎನ್ನುತ್ತಾರೆ. ಕೀಬೋರ್ಡಿನಲ್ಲಿ ಸಪ್ತಕಕ್ಕೆ ಕೀಗಳಿರುವುದು ಹನ್ನೆರಡೇ. ಹಾಗಾಗಿ ಈ 23.5 ಸೆಂಟನ್ನು ಎಲ್ಲಾದರೂ ಕಳೆಯಲೇಬೇಕು.

ಇದು ಕೂಡುಕುಟುಂಬದ ಸಾಲ ಇದ್ದ ಹಾಗೆ. ತೀರಿಸದೆ ಗತಿಯಿಲ್ಲ, ಯಾರ ಪಾಲಿಗೆ ಎಷ್ಟು ಎನ್ನುವುದೊಂದೇ ಪ್ರಶ್ನೆ. ಈಕ್ವಲ್ ಟೆಂಪರಮೆಂಟ್ ಹನ್ನೆರಡು ಪಂಚಮಗಳಿಗೂ ತಲಾ ಎರಡು ಸೆಂಟ್ ಹಂಚುತ್ತದೆ. ವರ್ಕ್‌ಮೈಸ್ಟರ್ ಎಂಬ ಹಳೆಯ ಪದ್ಧತಿ ನಾಲ್ಕು ಪಂಚಮಗಳ ಮೇಲೆ ಮಾತ್ರ ತಲಾ ಆರು ಸೆಂಟ್ ಹೊರಿಸಿ ಉಳಿದ ಎಂಟನ್ನು ಶುದ್ಧವಾಗಿ ಬಿಡುತ್ತದೆ. ಮೀನ್‌ಟೋನ್ ಎಂಬ ಇನ್ನೊಂದು ಹಳೆಯ ಪದ್ಧತಿ ಹನ್ನೊಂದು ಪಂಚಮಗಳಿಂದ ತಲಾ 5.4 ಸೆಂಟ್ ವಸೂಲಿ ಮಾಡುತ್ತದೆ. ಅದು ಬೇಕಾದದ್ದಕ್ಕಿಂತ ಜಾಸ್ತಿ ಆಯಿತು. ಹೆಚ್ಚಾದದ್ದೆಲ್ಲ ಹನ್ನೆರಡನೆಯ ಪಂಚಮದ ತಲೆಗೆ ಬಂದು ಅದು 36 ಸೆಂಟ್‌ನಷ್ಟು ಹಿಗ್ಗುತ್ತದೆ. ಯುರೋಪಿನ ಆರ್ಗನ್ ನುಡಿಸುವವರು ಅದನ್ನು ತೋಳ ಎಂದು ಕರೆದರು, ಅದು ಊಳಿಡುತ್ತದೆ ಎಂದು.

ಮೆನುವಿನ ಹೆಸರುಗಳು, ಒಂದೊಂದಾಗಿ

ಪೈಥಾಗೊರಿಯನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದನ್ನು ಬಿಟ್ಟು ಪಂಚಮಗಳೆಲ್ಲ ಶುದ್ಧ, ಗಂಧಾರ 408 ಸೆಂಟ್, ಈಕ್ವಲ್‌ಗಿಂತಲೂ ಗಡುಸು. ಮಧ್ಯಯುಗದ ಚರ್ಚ್ ಸಂಗೀತಕ್ಕೆ, ಒಂಟಿ ರಾಗಸಾಲಿಗೆ ಹೊಂದುತ್ತದೆ. ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿಯುವವರಿಗೆ ಬೇಡ.

ಮೀನ್‌ಟೋನ್ ಬಗ್ಗೆ ಪಿಯೆತ್ರೋ ಆರೋನ್ 1523ರಲ್ಲಿ ಬರೆದಿದ್ದಾನೆ. ಇದರಲ್ಲಿ ಪಂಚಮಗಳನ್ನು ಸ್ವಲ್ಪ ಬಲಿಕೊಟ್ಟು ಗಂಧಾರಗಳನ್ನು ಶುದ್ಧ ಮಾಡಿದ್ದಾರೆ. ಸಿ, ಎಫ್, ಜಿ, ಡಿ ಮೇಜರ್‌ಗಳಲ್ಲಿ (ಆ ಕೀಯನ್ನು ಷಡ್ಜ ಮಾಡಿಕೊಂಡ ಶುದ್ಧ ಸ್ವರಗಳ ಸಪ್ತಕಗಳಲ್ಲಿ) ಕಾರ್ಡ್ ಹಿಡಿದರೆ ಬಹಳ ಹಾಯಾಗಿ ಕೇಳುತ್ತದೆ. ಹದಿನಾರು, ಹದಿನೇಳನೇ ಶತಮಾನದ ಕೀಬೋರ್ಡ್ ಕೃತಿಗಳನ್ನು ಒಮ್ಮೆಯಾದರೂ ಇದರಲ್ಲಿ ನುಡಿಸಿ ನೋಡಬೇಕು. ಈಕ್ವಲ್‌ನಲ್ಲಿ ಮಂಕಾಗಿದ್ದ ಒಂದು ಕರ್ಕಶ ಸ್ವರಗುಚ್ಛ ಇಲ್ಲಿ ಚುಚ್ಚುತ್ತದೆ, ಆಮೇಲಿನ ಸಿ ಮೇಜರ್ ಪೂರ್ತಿ ಸಮಾಧಾನ ಕೊಡುತ್ತದೆ. ಆ ಕಾಲದವರು ಬರೆದದ್ದು ಈ ಏರಿಳಿತವನ್ನು ಕಿವಿಯಲ್ಲಿಟ್ಟುಕೊಂಡೇ. ತೋಳ ಎಲ್ಲಿದೆ ಎಂದು ತಿಳಿಯಲು ಜಿ ಶಾರ್ಪ್ ಮತ್ತು ಅದರ ಮೇಲಿನ ಡಿ ಶಾರ್ಪ್ ಒಟ್ಟಿಗೆ ಒತ್ತಿ. ಬೇಸ್ ನೋಟ್ ಸಿ ಇದ್ದಾಗ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಜಿ ಶಾರ್ಪ್ ಕೀಗೇ ಎ ಫ್ಲಾಟ್ ಎಂದೂ ಹೆಸರು, ಹಾಗಾಗಿ ಎ ಫ್ಲಾಟ್ ಮೇಜರ್‌ನ ಹಾಡನ್ನು ಇದರಲ್ಲಿ ನುಡಿಸಲಾಗದು.

ಆಂದ್ರೆಯಾಸ್ ವರ್ಕ್‌ಮೈಸ್ಟರ್ 1691ರಲ್ಲಿ ಪ್ರಕಟಿಸಿದ ಪದ್ಧತಿಗಳಲ್ಲಿ ಒಂದು ಇವತ್ತು ವರ್ಕ್‌ಮೈಸ್ಟರ್ 3 ಎಂಬ ಹೆಸರಿನಲ್ಲಿ ಮೆನುವಿನಲ್ಲಿದೆ. ಒಂದೇ ಒಂದು ಹಳೆಯ ಟೆಂಪರಮೆಂಟ್ ಕಲಿಯುವುದಾದರೆ ಇದನ್ನೇ ಕಲಿಯಿರಿ ಎನ್ನುತ್ತೇನೆ. ಇದರಲ್ಲಿ ತೋಳ ಇಲ್ಲ, ಹನ್ನೆರಡು ಮೇಜರ್‌ಗಳಲ್ಲೂ ನುಡಿಸಬಹುದು. ಆದರೆ ಎಲ್ಲವೂ ಒಂದೇ ಥರ ಕೇಳುವುದಿಲ್ಲ. ಸಿ ಮತ್ತು ಎಫ್ ಮೇಜರ್‌ಗಳ ಗಂಧಾರ 390 ಸೆಂಟ್, ಶುದ್ಧಕ್ಕೆ ತೀರಾ ಹತ್ತಿರ. ಮೊದಲು ಎಣಿಸಿದ ಅಲೆ ಸೆಕೆಂಡಿಗೆ 10ರಿಂದ 3ಕ್ಕೆ ಇಳಿಯುತ್ತದೆ. ಜಿ, ಡಿ, ಬಿ ಫ್ಲಾಟ್‌ಗಳಲ್ಲಿ 396. ಎ, ಇ, ಬಿ, ಇ ಫ್ಲಾಟ್‌ಗಳಲ್ಲಿ 402. ಎಫ್ ಶಾರ್ಪ್, ಸಿ ಶಾರ್ಪ್, ಎ ಫ್ಲಾಟ್‌ಗಳಿಗೆ ಹೋದರೆ 408. ಹೀಗೆ ಹೋಗಹೋಗುತ್ತ ಬಿಗಿ ಹೆಚ್ಚುತ್ತದೆ. ಮಗು ಒಂದು ಪಾಠವನ್ನು ಸಿ ಮೇಜರ್‌ನಲ್ಲಿ ನುಡಿಸಿ ಅದನ್ನೇ ಎಫ್ ಶಾರ್ಪ್‌ನಲ್ಲಿ ನುಡಿಸಿದರೆ ಬೇರೆ ಬಣ್ಣ ಬರುತ್ತದೆ. ಬಾಖ್ 1722ರಲ್ಲಿ ಇಪ್ಪತ್ನಾಲ್ಕೂ ಮೇಜರ್ ಮೈನರ್‌ಗಳಿಗೆ ಪ್ರಿಲ್ಯೂಡ್ ಮತ್ತು ಫ್ಯೂಗ್ ಬರೆದದ್ದು ಇಂಥ, ಎಲ್ಲ ಕಡೆ ಓಡಾಡಬಹುದಾದ ಶ್ರುತಿಯ ಕಾಲದಲ್ಲಿ. ಆತ ನಿರ್ದಿಷ್ಟವಾಗಿ ಯಾವ ಶ್ರುತಿ ಎಂದು ಬರೆದಿಟ್ಟಿಲ್ಲ, ಹಾಗಾಗಿ ಇದೇ ಬಾಖ್ ಶ್ರುತಿ ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ಒಪ್ಪಬೇಕಾಗಿಲ್ಲ.

ಬಾಖ್‌ನ ಶಿಷ್ಯನಾಗಿದ್ದ ಕರ್ನ್‌ಬರ್ಗರ್‌ನ ಹೆಸರಿನಲ್ಲೂ ಪದ್ಧತಿಗಳಿವೆ. ಕರ್ನ್‌ಬರ್ಗರ್ 3 ವರ್ಕ್‌ಮೈಸ್ಟರ್‌ಗೆ ಹತ್ತಿರದ್ದೇ, ಆದರೆ ಸಿ ಯಿಂದ ಇ ಗೆ ಪೂರ್ತಿ ಶುದ್ಧ ಗಂಧಾರ. ಶಾರ್ಪ್ ಫ್ಲಾಟ್ ಕಡಿಮೆ ಇರುವ ಚರ್ಚ್ ಹಾಡುಗಳಿಗೆ, ಅದರಲ್ಲೂ ಆರ್ಗನ್ ಟೋನ್ ಇಟ್ಟುಕೊಂಡು ನಾಲ್ಕು ಕಂಠಗಳ ತಂಡವನ್ನು ಅಭ್ಯಾಸ ಮಾಡಿಸುವವರಿಗೆ, ಇದು ಬಹಳ ಒಳ್ಳೆಯದು. ತಂಡದವರು ತಮಗೆ ಗೊತ್ತಿಲ್ಲದೆ ಶುದ್ಧ ಗಂಧಾರದ ಕಡೆಗೆ ವಾಲುತ್ತಾರೆ. ವಾದ್ಯವೂ ಅಲ್ಲೇ ಇದ್ದರೆ ಜಗ್ಗಾಟ ಇರುವುದಿಲ್ಲ. ಕಾರವಾರದ ಗಾಯನ ತಂಡಗಳು ಒಂದು ಭಾನುವಾರದ ಅಭ್ಯಾಸದಲ್ಲಿ ಇದನ್ನು ಹಾಕಿ ನೋಡಬೇಕು. ಆದರೆ ಗಿಟಾರ್, ಬೇಸ್ ಗಿಟಾರ್ ಜೊತೆಗಿದ್ದರೆ ಬೇಡ. ಗಿಟಾರ್‌ನ ಫ್ರೆಟ್‌ಗಳು ಈಕ್ವಲ್ ಲೆಕ್ಕಕ್ಕೇ ಕೂರಿಸಿದವು.

ಕ್ಯಾಸಿಯೋದ ಕೆಲವು ಮಾಡೆಲ್‌ಗಳಲ್ಲಿ ಇನ್ನೊಂದು ವಿಶೇಷ ಇದೆ. ಅರಬ್ಬೀ ಮಖಾಮ್‌ಗಳಾದ ರಾಸ್ತ್, ಬಯಾತಿಗಳ ಜೊತೆಗೆ ಗುರ್ಜರಿ ತೋಡಿ, ಚಂದ್ರಕೌಂಸ್, ಚಾರುಕೇಶಿ ಎಂಬ ಮೂರು ನಮ್ಮ ರಾಗಗಳ ಹೆಸರೂ ಟೆಂಪರಮೆಂಟ್ ಪಟ್ಟಿಯಲ್ಲಿವೆ. ತಂಬೂರಿ ಹಾಕಿ ಒಮ್ಮೆ ಕೇಳಿ. ನಿಮ್ಮ ಗುರುಗಳು ಹಾಡುವ ಜಾಗಕ್ಕೆ ಹೊಂದಿದರೆ ಬಳಸಿ, ಹೊಂದದಿದ್ದರೆ ಹೆಸರು ನೋಡಿ ನಂಬಬೇಡಿ.

ಹಾಡುವವರ ಜೊತೆ ಸೇರುವಾಗ

ಇಲ್ಲಿ ಕ್ರಮ ಮುಖ್ಯ. ಮೊದಲು ಹಾಡುವವರ ಶ್ರುತಿ ಕೇಳಿ. ಹಿಂದುಸ್ತಾನಿಯವರಿರಲಿ, ಯಕ್ಷಗಾನದ ಭಾಗವತರಿರಲಿ, ನಮ್ಮಲ್ಲಿ ಕಪ್ಪು ಒಂದು, ಬಿಳಿ ಐದು ಎಂದೇ ಹೇಳುತ್ತಾರೆ. ಬಿಳಿ ಒಂದು ಎಂದರೆ ಸಿ, ಅಲ್ಲಿಂದ ಸಾಲಾಗಿ ಬಿಳಿ ಐದು ಜಿ. ಕಪ್ಪು ಒಂದು ಸಿ ಶಾರ್ಪ್, ಎರಡು ಡಿ ಶಾರ್ಪ್, ಮೂರು ಎಫ್ ಶಾರ್ಪ್, ನಾಲ್ಕು ಜಿ ಶಾರ್ಪ್, ಐದು ಎ ಶಾರ್ಪ್.

ನಮ್ಮ ಅತ್ತಿಗೆ ಕಪ್ಪು ನಾಲ್ಕರಲ್ಲಿ ಹಾಡುತ್ತಾರೆ. ಅವರ ಭೂಪ ರಾಗಕ್ಕೆ ನಾನು ಜೊತೆ ಕೊಡುವಾಗ ಮಾಡುವುದು ಇಷ್ಟು. ಟೆಂಪರಮೆಂಟ್ ಪ್ಯೂರ್ ಮೇಜರ್, ಬೇಸ್ ನೋಟ್ ಜಿ ಶಾರ್ಪ್. ಟ್ರಾನ್ಸ್‌ಪೋಸ್ ಸೊನ್ನೆ. ತಂಬೂರಿ ಆ್ಯಪ್ ಹಾಕಿ ಪಿಯಾನೋದ ಷಡ್ಜವನ್ನು ಅದಕ್ಕೆ ಹೋಲಿಸುತ್ತೇನೆ. ಆಮೇಲೆ ಸ-ಗ ಹಿಡಿದು ನಡುಕ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತೇನೆ. ಬೇಸ್ ನೋಟ್ ಸಿ ಯಲ್ಲೇ ಉಳಿದಿದ್ದರೆ ಅತ್ತಿಗೆ ಬಾಯಿ ತೆರೆಯುವ ಮೊದಲೇ ಮುಖ ಸಿಂಡರಿಸುತ್ತಾರೆ. ಸರಿಯಾಗಿದ್ದರೆ "ಹಾಂ, ಈಗ ಬಂತು ನೋಡೋ ತಮ್ಮಾ, ಹೀಗೇ ಇರಲಿ" ಎಂದು ಆಲಾಪ ಶುರುಮಾಡುತ್ತಾರೆ.

ಷಡ್ಜವನ್ನು ತಂಬೂರಿಗೆ ಹೋಲಿಸುತ್ತೇನೆ ಎಂದೆ, ಅದಕ್ಕೆ ಕಾರಣ ಇದೆ. ಟೆಂಪರಮೆಂಟ್ ಬದಲಿಸಿದಾಗ ಕೆಲವು ವಾದ್ಯಗಳು ಎ ಸ್ವರವನ್ನು 440ರಲ್ಲೇ ಹಿಡಿದು ಉಳಿದವನ್ನು ಸರಿಸುತ್ತವೆ, ಕೆಲವು ಬೇಸ್ ನೋಟ್ ಅನ್ನು ಹಿಡಿಯುತ್ತವೆ. ಉದಾಹರಣೆಗೆ ವರ್ಕ್‌ಮೈಸ್ಟರ್‌ನಲ್ಲಿ ಎ ಕದಲದಿದ್ದರೆ ಸಿ ಸುಮಾರು 12 ಸೆಂಟ್ ಮೇಲೇರುತ್ತದೆ. ತಂಬೂರಿ ಆ್ಯಪ್ ಹಳೆಯ ಜಾಗದಲ್ಲೇ ಇರುತ್ತದೆ. ಎರಡೂ ಹೊಂದದಿದ್ದರೆ ಮಾಸ್ಟರ್ ಟ್ಯೂನ್‌ನಲ್ಲಿ ಸರಿಮಾಡಿ. 440ರ ಹತ್ತಿರ ಒಂದು ಹರ್ಟ್ಸ್ ಎಂದರೆ ಸುಮಾರು ನಾಲ್ಕು ಸೆಂಟ್, ಆ ಲೆಕ್ಕ ಸಾಕು. ಮನೆಯ ಹಳೆಯ ಹಾರ್ಮೋನಿಯಂ ಜೊತೆ ನುಡಿಸುವಾಗಲೂ ಮಾಸ್ಟರ್ ಟ್ಯೂನ್ ಬೇಕಾಗುತ್ತದೆ. ಎಷ್ಟೋ ಪೆಟ್ಟಿಗೆಗಳು 440ರಲ್ಲಿ ಇರುವುದಿಲ್ಲ. ಪಿಯಾನೋವೇ ಹಾರ್ಮೋನಿಯಂ ಕಡೆ ಹೋಗಬೇಕು, ರೀಡ್ ಕೆರೆಯುವುದಕ್ಕಿಂತ ಅದೇ ಸುಲಭ.

ಟ್ರಾನ್ಸ್‌ಪೋಸ್ ಬಳಸುವವರು ಒಂದು ವಿಷಯ ನೋಡಿಕೊಳ್ಳಿ. ಟ್ರಾನ್ಸ್‌ಪೋಸ್ ಮಾಡಿದಾಗ ಬೇಸ್ ನೋಟ್ ನೀವು ಒತ್ತುವ ಕೀಗೆ ಅನ್ವಯಿಸುತ್ತದೆಯೋ, ಕೇಳುವ ಸ್ವರಕ್ಕೋ ಎನ್ನುವುದು ಮಾಡೆಲ್ ಮೇಲೆ ಹೋಗುತ್ತದೆ. ನಿಮ್ಮ ಷಡ್ಜದ ಕೀ ಮತ್ತು ಗಂಧಾರದ ಕೀ ಹಿಡಿದು ಕೇಳಿ. ನಡುಕ ಇದ್ದರೆ ಬೇಸ್ ನೋಟ್ ತಪ್ಪಾಗಿದೆ.

ಪ್ಯೂರ್ ಮೇಜರ್‌ಗೂ ಮಿತಿ ಇದೆ. ಸ-ಗ-ಪ ಚೊಕ್ಕವಾಗಿರುತ್ತದೆ, ಆದರೆ ಶುದ್ಧ ರಿಷಭ ಮತ್ತು ಶುದ್ಧ ಧೈವತವನ್ನು ಒಟ್ಟಿಗೆ ಹಿಡಿದರೆ ಕಿರಿಕಿರಿ. ರಿಷಭ 204, ಧೈವತ 884 ಸೆಂಟ್. ನಡುವಿನ ಅಂತರ 680, ಶುದ್ಧ ಪಂಚಮಕ್ಕಿಂತ 22 ಸೆಂಟ್ ಕಡಿಮೆ. ತಂಬೂರಿಯ ಮೇಲೆ ಒಂದೊಂದೇ ಸ್ವರ ನುಡಿಸುವಾಗ ತೊಂದರೆಯಿಲ್ಲ. ಸಿನಿಮಾ ಹಾಡಿಗೆ ಕಾರ್ಡ್ ಹಿಡಿಯಲು ಹೋದರೆ ಎರಡನೇ ಕಾರ್ಡ್‌ಗೇ ಸಿಕ್ಕಿಬೀಳುತ್ತೀರಿ.

ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು), ಆಂದೋಲನ (ಸ್ವರವನ್ನು ಮೆಲ್ಲಗೆ ತೂಗುವುದು) ಯಾವ ಟೆಂಪರಮೆಂಟ್‌ನಿಂದಲೂ ಬರುವುದಿಲ್ಲ. ಹಾರ್ಮೋನಿಯಂ ಮೇಲೂ ಇದೇ ಆಕ್ಷೇಪ ಇತ್ತು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಬಾಗಿಲು ಹಾಕಿತ್ತು. ಆದ್ದರಿಂದ ದರಬಾರಿಯಂಥ ರಾಗಕ್ಕೆ ಪಿಯಾನೋ ಜೊತೆ ಬೇಡ ಎನ್ನುವುದು ನನ್ನ ನಿಲುವು. ಭೂಪ, ದುರ್ಗಾ, ಭಜನೆ, ದಾಸರ ಪದ, ಇವುಗಳಿಗೆ ಧಾರಾಳವಾಗಿ ಸೇರಿ.

ನಿಮ್ಮದೇ ಶ್ರುತಿ ಕಟ್ಟುವುದು

ಕವಾಯ್‌ನ ಹಲವು ಮಾಡೆಲ್‌ಗಳಲ್ಲಿ, ಬೇರೆ ಕೆಲವು ಕೀಬೋರ್ಡ್‌ಗಳಲ್ಲೂ, ಯೂಸರ್ ಟೆಂಪರಮೆಂಟ್ ಎಂದಿರುತ್ತದೆ. ಹನ್ನೆರಡು ಸ್ವರಗಳಿಗೂ ನೀವೇ ಸೆಂಟ್ ಕೊಡಬಹುದು. ಕೋಮಲ ಸ್ವರಗಳ ರಾಗಗಳಿಗೆ ಇದೇ ಸರಿ.

ಸಾಮಾನ್ಯವಾಗಿ ಒಪ್ಪುವ ಅನುಪಾತಗಳಿಂದ ಲೆಕ್ಕ ಹಾಕಿದ ಅಂಕಿಗಳನ್ನು ಕೊಡುತ್ತೇನೆ. ಇವು ಈಕ್ವಲ್‌ಗೆ ಹೋಲಿಸಿದ ಹೆಚ್ಚು ಕಡಿಮೆ, ಷಡ್ಜ ಸೊನ್ನೆ. ಕೋಮಲ ರಿಷಭ +12, ಶುದ್ಧ ರಿಷಭ +4. ಕೋಮಲ ಗಂಧಾರ +16, ಶುದ್ಧ ಗಂಧಾರ -14. ಶುದ್ಧ ಮಧ್ಯಮ -2, ತೀವ್ರ ಮಧ್ಯಮ -10. ಪಂಚಮ +2. ಕೋಮಲ ಧೈವತ +14, ಶುದ್ಧ ಧೈವತ -16. ಕೋಮಲ ನಿಷಾದ -4 ಅಥವಾ +18, ಶುದ್ಧ ನಿಷಾದ -12.

ಕೋಮಲ ನಿಷಾದಕ್ಕೆ ಎರಡು ಅಂಕಿ ಏಕೆ? -4 ಇಟ್ಟರೆ ಅದು ಮಧ್ಯಮಕ್ಕೆ ಹೊಂದುತ್ತದೆ, +18 ಇಟ್ಟರೆ ಕೋಮಲ ಗಂಧಾರಕ್ಕೆ. ರಾಗದ ನಡೆ ನೋಡಿ ಆರಿಸಬೇಕು. ಈ ಅಂಕಿಗಳನ್ನು ಆರಂಭ ಎಂದು ಮಾತ್ರ ತಿಳಿಯಿರಿ. ಹಾಡುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ನಿಲ್ಲಿಸುವ ಜಾಗಕ್ಕೆ ಎರಡು ಮೂರು ಸೆಂಟ್ ಅತ್ತಿತ್ತ ಮಾಡಿ.

ವರ್ಕ್‌ಮೈಸ್ಟರ್ ನಿಮ್ಮ ಮೆನುವಿನಲ್ಲಿ ಇಲ್ಲದೆ ಯೂಸರ್ ಮಾತ್ರ ಇದ್ದರೆ ಈ ಸಾಲು ಹಾಕಿ. ಸಿ 0, ಸಿ ಶಾರ್ಪ್ -10, ಡಿ -8, ಡಿ ಶಾರ್ಪ್ -6, ಇ -10, ಎಫ್ -2, ಎಫ್ ಶಾರ್ಪ್ -12, ಜಿ -4, ಜಿ ಶಾರ್ಪ್ -8, ಎ -12, ಎ ಶಾರ್ಪ್ -4, ಬಿ -8.

ಹತ್ತಿರದ ಇನ್ನೆರಡು ಸೆಟ್ಟಿಂಗ್

ಸ್ಟ್ರೆಚ್ ಟ್ಯೂನಿಂಗ್ ಎಂದು ಕಂಡರೆ ಗೊಂದಲ ಬೇಡ. ನಿಜವಾದ ಪಿಯಾನೋದ ತಂತಿಗಳು ಗಡುಸಾದ್ದರಿಂದ ಅವುಗಳ ಉಪಸ್ವರಗಳು ಸ್ವಲ್ಪ ಮೇಲೆ ಹೋಗುತ್ತವೆ. ಅದಕ್ಕೆ ಹೊಂದಲು ಟ್ಯೂನರ್‌ಗಳು ತಾರ ಸ್ವರಗಳನ್ನು ಚೂರು ಏರಿಸಿ, ಮಂದ್ರವನ್ನು ಚೂರು ಇಳಿಸುತ್ತಾರೆ. ಒಬ್ಬರೇ ಪಿಯಾನೋ ನುಡಿಸುವಾಗ ಆನ್ ಇರಲಿ. ಹಳೆಯ ಟೆಂಪರಮೆಂಟ್ ಪರೀಕ್ಷಿಸುವಾಗ, ಹಾರ್ಮೋನಿಯಂ ಜೊತೆ ಸೇರುವಾಗ ಆಫ್ ಮಾಡಿ.

ಬರೋಕ್ ಸಂಗೀತದವರು 415 ಎನ್ನುವುದನ್ನು ಕೇಳಿರುತ್ತೀರಿ. ಎ ಸ್ವರವನ್ನು 440ರ ಬದಲು 415ಕ್ಕೆ ಇಳಿಸುವುದು, ಸರಿಸುಮಾರು ಒಂದು ಕೀ ಕೆಳಗೆ. ಮಾಸ್ಟರ್ ಟ್ಯೂನ್ ಅಷ್ಟು ಕೆಳಗೆ ಹೋಗದಿದ್ದರೆ ಟ್ರಾನ್ಸ್‌ಪೋಸ್ -1 ಮಾಡಿದರೆ ಸಾಕು. ಇದು ಟೆಂಪರಮೆಂಟ್‌ಗಿಂತ ಬೇರೆ ವಿಷಯ, ಎರಡನ್ನೂ ಸೇರಿಸಬಹುದು.

ಉಳಿಸಿಕೊಳ್ಳುವುದು, ಮತ್ತು ನಮ್ಮ ಮಳೆಗಾಲ

ಎಷ್ಟೋ ವಾದ್ಯಗಳು ಆಫ್ ಮಾಡಿದ ಕೂಡಲೇ ಎಲ್ಲ ಮರೆತು ಈಕ್ವಲ್‌ಗೆ ಮರಳುತ್ತವೆ. ಉಳಿಸಿಕೊಳ್ಳುವ ಸೆಟ್ಟಿಂಗ್ ಬೇರೆ ಇರುತ್ತದೆ: ರೋಲ್ಯಾಂಡ್‌ನಲ್ಲಿ ಮೆಮೊರಿ ಬ್ಯಾಕಪ್, ಕವಾಯ್‌ನಲ್ಲಿ ಸ್ಟಾರ್ಟ್‌ಅಪ್ ಸೆಟ್ಟಿಂಗ್, ಯಮಾಹಾದಲ್ಲಿ ಬ್ಯಾಕಪ್, ಕ್ಯಾಸಿಯೋದಲ್ಲಿ ಆಟೋ ರೆಸ್ಯೂಮ್. ಮಾಡೆಲ್ ಪ್ರಕಾರ ಹೆಸರು ಬದಲಾಗಬಹುದು.

ಜೂನ್‌ನಿಂದ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತೇ ಇದೆ. ಬೈಠಕ್ ನಡುವೆ ಕರೆಂಟ್ ಹೋಗಿ ಬಂದರೆ ವಾದ್ಯ ಈಕ್ವಲ್‌ನಲ್ಲಿ ಎದ್ದು ಕೂತಿರುತ್ತದೆ, ಹಾಡುವವರಿಗೆ ಥಟ್ಟನೆ ಗಂಧಾರ ಚುಚ್ಚುತ್ತದೆ. ಕಾರ್ಯಕ್ರಮ ಇದ್ದರೆ ಯುಪಿಎಸ್ ಮೇಲೆ ಹಾಕಿ. ಆಟೋ ಪವರ್ ಆಫ್ ಕೂಡ ನೋಡಿಕೊಳ್ಳಿ. ಸಾಮಾನ್ಯವಾಗಿ 30 ನಿಮಿಷ ಮುಟ್ಟದಿದ್ದರೆ ಆಫ್ ಆಗುತ್ತದೆ. ಊಟದ ಬಿಡುವಿಗೆ ಅಷ್ಟು ಹೊತ್ತು ಆಗಿಯೇ ಆಗುತ್ತದೆ. ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತಿಡಿ, ಸ್ವಿಚ್ ಆಫ್ ಸಾಲದು.

ಡಿಜಿಟಲ್ ಪಿಯಾನೋದ ಶ್ರುತಿ ಥಂಡಿಗೆ ಕೆಡುವುದಿಲ್ಲ, ಅದು ದೊಡ್ಡ ಅನುಕೂಲ. ಆದರೆ ಕೀಗಳ ಕೆಳಗಿನ ರಬ್ಬರ್ ಸಂಪರ್ಕಗಳಿಗೆ, ಕೇಬಲ್ ತುದಿಗಳಿಗೆ ತೇವ ಮತ್ತು ಕರಾವಳಿಯ ಉಪ್ಪುಗಾಳಿ ಆಗಿಬರುವುದಿಲ್ಲ. ಕಾರವಾರ, ಕುಮಟಾದಂಥ ಕಡೆ ಸಮುದ್ರದ ಕಡೆಗಿನ ಕಿಟಕಿಯಿಂದ ದೂರ ಇಡಿ. ಶಿರಸಿಯ ಮಳೆಯಲ್ಲಿ ಹೊರಗೋಡೆಗೆ ಒರಗಿಸಬೇಡಿ. ದಿನಾ ಸ್ವಲ್ಪ ಹೊತ್ತು ಆನ್ ಮಾಡಿ ನುಡಿಸಿದರೆ ಒಳ್ಳೆಯದು. ಒಂದೆರಡು ಕೀ ಮಾತ್ರ ಒಮ್ಮೊಮ್ಮೆ ಜೋರಾಗಿ, ಒಮ್ಮೊಮ್ಮೆ ಮೂಕವಾಗಿ ಕೇಳಿದರೆ ಅದು ಸಂಪರ್ಕದ ದೋಷ, ಟೆಂಪರಮೆಂಟ್‌ಗೆ ಸಂಬಂಧವಿಲ್ಲ.

ಮನೆಯಲ್ಲಿ ಮಕ್ಕಳು ಗ್ರೇಡ್ ಪರೀಕ್ಷೆಗೆ ತಯಾರಾಗುತ್ತಿದ್ದರೆ ಅವರ ಅಭ್ಯಾಸದ ಹೊತ್ತಿಗೆ ಈಕ್ವಲ್, 440, ಟ್ರಾನ್ಸ್‌ಪೋಸ್ ಸೊನ್ನೆ ಇರುವಂತೆ ನೋಡಿಕೊಳ್ಳಿ. ಪರೀಕ್ಷೆಯ ಪಿಯಾನೋ ಹಾಗೇ ಇರುತ್ತದೆ. ನಿಮ್ಮ ಹಳೆಯ ಶ್ರುತಿಯನ್ನು ರಿಜಿಸ್ಟ್ರೇಷನ್ ಗುಂಡಿಯಲ್ಲಿ ಉಳಿಸಲು ಬಂದರೆ ಇನ್ನೂ ಒಳ್ಳೆಯದು, ಒಂದು ಒತ್ತಿಗೆ ಆ ಕಡೆ, ಇನ್ನೊಂದಕ್ಕೆ ಈ ಕಡೆ.

ಯಾವುದು ಎಲ್ಲಿದೆ ಎಂದು ಪೂರ್ತಿ ಗೊಂದಲವಾಗಿಬಿಟ್ಟರೆ ಫ್ಯಾಕ್ಟರಿ ರಿಸೆಟ್ ಇದ್ದೇ ಇದೆ, ವಿಧಾನ ಮ್ಯಾನ್ಯುಯಲ್‌ನ ಕೊನೆಯ ಕಡೆಗೆ ಸಿಗುತ್ತದೆ. ರಿಸೆಟ್ ಮಾಡಿದರೆ ಯೂಸರ್ ಟೆಂಪರಮೆಂಟ್, ಕೆಲವು ವಾದ್ಯಗಳಲ್ಲಿ ಮಕ್ಕಳ ರೆಕಾರ್ಡಿಂಗ್‌ಗಳೂ ಅಳಿಸಿಹೋಗಬಹುದು. ಆದ್ದರಿಂದ ಹನ್ನೆರಡು ಅಂಕಿಗಳನ್ನು ಮೊದಲು ಬರೆದಿಟ್ಟುಕೊಳ್ಳಿ, ರೆಕಾರ್ಡಿಂಗ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಆಮೇಲೆ ರಿಸೆಟ್ ಮಾಡಿ.